ಗುಳಿಗೆ ಕಾರ್ಖಾನೆಯಲ್ಲಿ ಅರ್ಧ ದಿನ

ಗೇಟಿನ ಕಾವಲುಗಾರ ನನ್ನ ಹೆಸರು ಬರೆದುಕೊಳ್ಳುವುದಕ್ಕೂ ಮೊದಲು ಕೆಮ್ಮು ಇದೆಯೇ ಎಂದು ಕೇಳಿದ. ಇಲ್ಲ ಅಂದೆ. ಕೈಯಲ್ಲಿ ಗಾಯ? ಇಲ್ಲ. ಹೊಟ್ಟೆ ಸರಿ ಇದೆಯೇ? ಬೆಳಿಗ್ಗೆ ರಸ್ತೆ ಬದಿಯಲ್ಲಿ ತಿಂದ ಮಂದಾಜಿ ನೆನಪಾಗಿ ಒಂದು ಕ್ಷಣ ತಡವರಿಸಿದೆ. ಅದು ನಮ್ಮ ಮಂಗಳೂರು ಬನ್ಸಿನ ದೂರದ ನೆಂಟ ಅನ್ನಿ. ಸರಿ ಇದೆ ಅಂದೆ. ಎಲ್ಲಕ್ಕೂ ಒಂದು ಉದ್ದನೆ ಪುಸ್ತಕದಲ್ಲಿ ಟಿಕ್ ಹಾಕಿ, ಕೆಳಗೆ ನನ್ನಿಂದ ಸಹಿ ಹಾಕಿಸಿ, ಆಮೇಲೆ ಹೆಸರೇನು ಅಂದ.

ಇದು ನೈರೋಬಿಯ ಕೈಗಾರಿಕಾ ಪ್ರದೇಶ. ಎಂಟರ್‌ಪ್ರೈಸ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಧೂಳಿನ ಬೀದಿ. ಒಂದು ಕಡೆಯಿಂದ ಬಿಸ್ಕತ್ತಿನ ವಾಸನೆ, ಇನ್ನೊಂದು ಕಡೆಯಿಂದ ಬೆಸುಗೆಯ ವಾಸನೆ. ಹಿಂದಕ್ಕೆ ಹೊರಳಿ ನೋಡಿದರೆ ಮುಕುರುವಿನ ತಗಡಿನ ಮನೆಗಳ ಸಾಲು. ಬೀದಿಯ ಮೂಲೆಯಲ್ಲಿದ್ದ ಔಷಧಿ ಅಂಗಡಿಯ ಬೋರ್ಡಿನಲ್ಲಿ ‘ದುಕಾ ಲಾ ದಾವಾ’ ಎಂದಿತ್ತು. ಸ್ವಾಹಿಲಿ ಬಾರದ ನನಗೂ ಅರ್ಥವಾಯಿತು. ದವಾಖಾನಿ, ದುಕಾನ ಎಂದು ಕೇಳಿ ಬೆಳೆದ ಹುಬ್ಬಳ್ಳಿ ಕಡೆಯವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ನಾನು ಬಂದದ್ದು ಒಂದು ಜಗಳದ ಕಾರಣಕ್ಕೆ. ಹಿಂದಿನ ರಾತ್ರಿ ಊಟದ ಮೇಜಿನಲ್ಲಿ ಲಾಗೋಸಿನವರೊಬ್ಬರು, ನೈರೋಬಿಯವರೊಬ್ಬರು ವಾದಕ್ಕೆ ಬಿದ್ದಿದ್ದರು. ಆಫ್ರಿಕಾದಲ್ಲಿ ಔಷಧ ತಯಾರಿಕೆಯ ದೊಡ್ಡಣ್ಣ ಯಾರು? ನಮ್ಮಲ್ಲಿ ಕ್ರಿಕೆಟ್ ವಾದ ನಡೆಯುವ ಹಾಗೆ ನಡೆಯಿತು. ನಮ್ಮಲ್ಲಿ ಇಪ್ಪತ್ತು ಕೋಟಿಗೂ ಮಿಕ್ಕಿ ಜನ ಇದ್ದಾರೆ, ಮಾರುಕಟ್ಟೆ ಅಂದರೆ ನಾವೇ ಎಂದು ಒಬ್ಬರು. ನಿಮ್ಮ ನಾಯ್ರಾದ ಬೆಲೆ ನೋಡಿಕೊಳ್ಳಿ ಎಂದು ಇನ್ನೊಬ್ಬರು. ಮಧ್ಯೆ ಯಾರೋ ಈಜಿಪ್ಟ್ ಎಂದರು. ಇಬ್ಬರೂ ಒಂದಾಗಿ ಅವರ ಮೇಲೆ ಬಿದ್ದರು. ಮಲಗುವ ಮುನ್ನ ನಾನು ನೋಟ್‌ಬುಕ್ಕಿನಲ್ಲಿ ಒಂದು ಕೋಷ್ಟಕ ಗೀಚಿಕೊಂಡೆ. ಮೇಲೆ ಈಜಿಪ್ಟ್, ದಕ್ಷಿಣ ಆಫ್ರಿಕಾ, ನೈಜೀರಿಯಾ, ಕೆನ್ಯಾ, ಅಲ್ಜೀರಿಯಾ, ಮೊರಾಕ್ಕೊ. ಪಕ್ಕದಲ್ಲಿ ಜನಸಂಖ್ಯೆ, ಕಾರ್ಖಾನೆ, ರಫ್ತು. ಕಾರ್ಖಾನೆಯೊಂದನ್ನು ಕಣ್ಣಾರೆ ನೋಡಿದರೆ ಖಾನೆಗಳು ತಾವಾಗಿ ತುಂಬುತ್ತವೆ ಎಂದುಕೊಂಡಿದ್ದೆ.

ಒಳಗೆ ಕರೆದೊಯ್ದವರು ಉತ್ಪಾದನೆ ವಿಭಾಗದ ಮುಖ್ಯಸ್ಥರು, ಬೀದರ್ ಕಡೆಯವರು. ಊರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಶುರುಮಾಡಿ, ಹೈದರಾಬಾದ್ ದಾಟಿ ಇಲ್ಲಿಗೆ ಬಂದು ಹಲವು ವರ್ಷವಾಯಿತಂತೆ. ಕನ್ನಡ ಕೇಳಿದ್ದಕ್ಕೇ ಅವರ ಮುಖ ಅರಳಿತ್ತು. ಕೋಷ್ಟಕ ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ಚಲೋ ಅದರೀ. ಆದ್ರ ಇದರಾಗ ಡ್ರಮ್ಮಿನ ಕಾಲಂ ಎಲ್ಲಿ ಅದ?” ಎಂದರು.

ಡ್ರಮ್ಮೇನು ಎಂದು ತಿಳಿದದ್ದು ಮೊದಲ ಬಾಗಿಲಲ್ಲೇ. ಕಚ್ಚಾ ಸಾಮಗ್ರಿಯ ಗೋದಾಮು. ಎತ್ತರದ ರ‍್ಯಾಕುಗಳಲ್ಲಿ ಸೊಂಟದೆತ್ತರದ ಡ್ರಮ್ಮುಗಳು. ಕೆಲವಕ್ಕೆ ಹಳದಿ ಚೀಟಿ, ಕೆಲವಕ್ಕೆ ಹಸಿರು. ಹಳದಿ ಎಂದರೆ ಪರೀಕ್ಷೆ ಮುಗಿದಿಲ್ಲ, ಮುಟ್ಟಬೇಡಿ. ಹಸಿರು ಎಂದರೆ ಬಳಸಬಹುದು. ಕೆಂಪು ಚೀಟಿಯವು ಬೀಗ ಹಾಕಿದ ಜಾಲರಿ ಕೋಣೆಯಲ್ಲಿದ್ದವು. ಎರಡೋ ಮೂರೋ ಕಂಡವು. ನಾನು ಚೀಟಿಯ ಕೆಳಗಿನ ಸಣ್ಣ ಅಕ್ಷರಗಳನ್ನು ಓದುತ್ತಾ ಸಾಲಿನುದ್ದಕ್ಕೂ ನಡೆದೆ. ತೆಲಂಗಾಣ. ಗುಜರಾತ್. ಚೀನಾದ ಹೆಬೈ. ಮತ್ತೆ ತೆಲಂಗಾಣ. ಪ್ಯಾರಾಸಿಟಮಾಲ್, ಮೆಟ್ರೊನಿಡಜೋಲ್, ಅಮಾಕ್ಸಿಸಿಲಿನ್, ಔಷಧದ ಅಸಲು ಪುಡಿ ಎಲ್ಲವೂ ಹಡಗಿನಲ್ಲಿ ಮೊಂಬಾಸಾಕ್ಕೆ ಬಂದು ಅಲ್ಲಿಂದ ಹತ್ತಿರಹತ್ತಿರ 500 ಕಿಲೋಮೀಟರ್ ದಾರಿ ಸವೆಸಿ ಇಲ್ಲಿಗೆ ತಲುಪಿದ್ದು. ಇದೇ ಊರಿನದು ಎಂದು ನನಗೆ ಖಾತ್ರಿಯಾಗಿ ಕಂಡದ್ದು ಸಿರಪ್‌ಗೆ ಹಾಕುವ ಸಕ್ಕರೆ ಮತ್ತು ರಟ್ಟಿನ ಪೆಟ್ಟಿಗೆ ಮಾತ್ರ.

ಲಾಗೋಸಿನ ಕಾರ್ಖಾನೆಗೆ ಹೋದರೂ ಇವೇ ಡ್ರಮ್ಮು, ಅಕ್ರಾಕ್ಕೆ ಹೋದರೂ ಇವೇ ಎಂದರು ಬೀದರಿನವರು. ಕೈರೋದಲ್ಲಿ? ಅಲ್ಲಿಯೂ ಬಹುಪಾಲು ಇವೇ. ಅಂದರೆ ಊಟದ ಮೇಜಿನ ಮೂರೂ ದೇಶಗಳು ಒಂದೇ ಕಿರಾಣಿ ಅಂಗಡಿಯಿಂದ ಅಕ್ಕಿ ತಂದು, ಯಾರ ಅಡುಗೆ ರುಚಿ ಎಂದು ಕಾದಾಡುತ್ತಿದ್ದವು. ಅಂಗಡಿ ಬಾಗಿಲು ಹಾಕಿದ ದಿನವೂ ಒಂದಿತ್ತು. 2020ರ ಮಾರ್ಚ್ 3ರಂದು ಭಾರತ ಪ್ಯಾರಾಸಿಟಮಾಲ್ ಸೇರಿ 26 ಔಷಧ ಸಾಮಗ್ರಿಗಳ ರಫ್ತಿಗೆ ತಡೆ ಹಾಕಿತು. ನಮಗೆ ಚೀನಾದಿಂದ ಬರುವುದು ನಿಂತಿತ್ತು, ನಾವು ಇವರಿಗೆ ಕೊಡುವುದನ್ನು ನಿಲ್ಲಿಸಿದೆವು. ಪ್ಯಾರಾಸಿಟಮಾಲ್ ಪುಡಿಯ ಮೇಲಿನ ತಡೆ ತೆರವಾದದ್ದು ಮೇ ಕೊನೆಯಲ್ಲಿ. ಆ ಮೂರು ತಿಂಗಳು ಈ ರ‍್ಯಾಕುಗಳು ಹೇಗಿದ್ದವು ಎಂದು ಕೇಳಿದೆ. ಅವರು ಏನೂ ಹೇಳಲಿಲ್ಲ. ಮೇಲಿನ ಎರಡು ಅಂತಸ್ತಿನತ್ತ ಕೈ ತೋರಿಸಿ, ಖಾಲಿ ಎಂಬಂತೆ ಅಂಗೈ ಆಡಿಸಿದರು.

ಗೋದಾಮಿನ ಕೊನೆಯಲ್ಲಿ ಅಲ್ಯೂಮಿನಿಯಂ ಹಾಳೆಯ ಸುರುಳಿಗಳಿದ್ದವು. ಅಲ್ಲಿ ನಿಂತು ಅವರು ಹೇಳಿದ ಮಾತು ನನಗೆ ತಕ್ಷಣ ನಂಬಿಕೆಯಾಗಲಿಲ್ಲ. ಪೂರ್ವ ಆಫ್ರಿಕಾದ ದೇಶಗಳ ಸಮಾನ ಸುಂಕ ಪಟ್ಟಿಯಲ್ಲಿ ಸಿದ್ಧ ಔಷಧಕ್ಕೆ ಆಮದು ಸುಂಕ ಸೊನ್ನೆ. ಬಡವರಿಗೆ ಅಗ್ಗವಾಗಿ ಸಿಗಲಿ ಎಂಬ ಉದ್ದೇಶ, ಒಳ್ಳೆಯದೇ. ಆದರೆ ಅದೇ ಮಾತ್ರೆಯನ್ನು ಇಲ್ಲಿ ತಯಾರಿಸಲು ಬೇಕಾಗುವ ಬಾಟಲಿ, ಮುಚ್ಚಳ, ಹಾಳೆ, ಕೊಳವೆಗಳಲ್ಲಿ ಕೆಲವಕ್ಕೆ ತೆರಿಗೆ ತೆತ್ತು, ಆಮೇಲೆ ಮರುಪಾವತಿಗೆ ಅರ್ಜಿ ಹಾಕಿ ಕೂರಬೇಕು. ಮನೆಯವನಿಗೆ ಬಾಡಿಗೆ, ಅತಿಥಿಗೆ ಪುಕ್ಕಟೆ.

ನೈಜೀರಿಯಾ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದೆ. ಪ್ಯಾರಾಸಿಟಮಾಲ್, ಮೆಟ್ರೊನಿಡಜೋಲ್, ಫೋಲಿಕ್ ಆಮ್ಲ, ಬಿ ಕಾಂಪ್ಲೆಕ್ಸ್ ಜೀವಸತ್ವದ ಸಿದ್ಧ ಮಾತ್ರೆಗಳು ಅಲ್ಲಿನ ಆಮದು ನಿಷೇಧದ ಪಟ್ಟಿಯಲ್ಲಿವೆ. 2024ರ ಜೂನ್‌ನಲ್ಲಿ ಯಂತ್ರ ಮತ್ತು ಕಚ್ಚಾ ಸಾಮಗ್ರಿಯ ಸುಂಕವನ್ನೂ ಎತ್ತುವ ಆದೇಶ ಬಂತು. ಅಲ್ಜೀರಿಯಾ ಇನ್ನೂ ಬಿಗಿ. ಒಳಗೆ ತಯಾರಾಗುವುದನ್ನು ಹೊರಗಿನಿಂದ ತರಬಾರದು ಎಂದು 2008ರಲ್ಲೇ ನಿಯಮ ಮಾಡಿ, 2020ರಲ್ಲಿ ಔಷಧ ಕೈಗಾರಿಕೆಗೇ ಒಬ್ಬ ಮಂತ್ರಿಯನ್ನು ಕೂರಿಸಿತು. ಬಾಗಿಲು ಹಾಕಿಕೊಂಡರೆ ಕಾರ್ಖಾನೆ ಬೆಳೆಯುತ್ತದೆ ಎಂಬುದಕ್ಕೆ ಅಲ್ಜೀರಿಯಾ ಸಾಕ್ಷಿಯಾಗಬಹುದು. ಆದರೆ ಅದರ ಹಿಂದೆ ಎಣ್ಣೆ, ಅನಿಲದ ದುಡ್ಡೂ ಇದೆ.

ಮುಂದಿನ ಹೆಜ್ಜೆ ಬಟ್ಟೆ ಬದಲಿಸುವ ಕೋಣೆ. ನನ್ನ ಬೂಟು ಒಂದು ಗೂಡಿಗೆ ಹೋಯಿತು. ಬಿಳಿ ನಿಲುವಂಗಿ, ಕೂದಲು ಮುಚ್ಚುವ ಟೊಪ್ಪಿಗೆ, ಗಡ್ಡಕ್ಕೊಂದು ಚೀಲ. ಸೊಂಟದೆತ್ತರದ ಬೆಂಚಿನ ಮೇಲೆ ಕುಳಿತು, ಈಚೆಯ ಕಾಲನ್ನು ಆಚೆ ನೆಲಕ್ಕೆ ಹಾಕಬೇಕು. ಹೊಸ್ತಿಲು ದಾಟುವಾಗ ತುಳಿಯಬಾರದು ಎಂದು ಅಜ್ಜಿ ಗದರುತ್ತಿದ್ದದ್ದು ನೆನಪಾಯಿತು. ಗೋಡೆಯಲ್ಲಿ ಗಡಿಯಾರದಂಥ ಒಂದು ಮಾಪಕ. ಒಳಕೋಣೆಗೂ ಓಣಿಗೂ ಇರುವ ಗಾಳಿಯ ಒತ್ತಡದ ಅಂತರವನ್ನು ಅದು ತೋರಿಸುತ್ತದೆಯಂತೆ. ಮುಳ್ಳು ಅಲುಗಾಡುತ್ತಿತ್ತು, ಅದು ಸರಿಯೋ ತಪ್ಪೋ ನನಗೆ ಗೊತ್ತಾಗಲಿಲ್ಲ, ಕೇಳಲು ಹೋಗುವಷ್ಟರಲ್ಲಿ ಬಾಗಿಲು ತೆರೆಯಿತು.

ಕಲಸುವ ಕೋಣೆ ನನಗೆ ತುಂಬ ಹಿಡಿಸಿತು. ದೊಡ್ಡ ಸ್ಟೀಲ್ ಹಂಡೆಯೊಳಗೆ ಪುಡಿ. ಮೇಲಿನಿಂದ ಪಿಷ್ಟದ ಗಂಜಿ ಸುರಿಯುತ್ತದೆ. ಗಂಜಿ ಎಂಬುದು ಅಲಂಕಾರಕ್ಕೆ ಹೇಳಿದ ಮಾತಲ್ಲ, ನಿಜವಾಗಿಯೂ ಗಂಜಿಯೇ. ಅದು ಹೆಚ್ಚಾದರೆ ಮುದ್ದೆ, ಕಡಿಮೆಯಾದರೆ ಧೂಳು. ಹಿಡಿದರೆ ಉಂಡೆಯಾಗಬೇಕು, ಬೆರಳಲ್ಲಿ ಒತ್ತಿದರೆ ಒಡೆಯಬೇಕು. ಈ ಹದ ಹಿಂದೆ ಹಿರಿಯ ಕೆಲಸಗಾರನ ಅಂಗೈಯಲ್ಲಿತ್ತು, ಈಗ ಮೋಟಾರು ಎಳೆದುಕೊಳ್ಳುವ ವಿದ್ಯುತ್ತಿನ ಅಂಕಿಯಲ್ಲಿದೆ. ಹಿಟ್ಟು ಬಿಗಿಯಾದಂತೆ ಅಂಕಿ ಏರುತ್ತದೆ, ನಿಗದಿ ಮಾಡಿದ ಅಂಕಿಗೆ ಬಂದೊಡನೆ ಯಂತ್ರ ನಿಲ್ಲುತ್ತದೆ. ಹಾಗಿದ್ದರೂ ಅಲ್ಲಿದ್ದ ಹಿರಿಯ ಕೆಲಸಗಾರ ಅಂಕಿ ನೋಡಿದ ಮೇಲೆ, ಕೈಗವಸಿನ ಬೆರಳುಗಳಲ್ಲಿ ಚಿಟಿಕೆ ಹಿಟ್ಟು ಹಿಡಿದು ಒತ್ತಿ ನೋಡಿದ. ನಿಯಮದಲ್ಲಿ ಅದಕ್ಕೆ ಜಾಗವಿದೆಯೋ ಇಲ್ಲವೋ, ನಾನಂತೂ ನೋಡಿಯೂ ನೋಡದವನಂತೆ ಇದ್ದೆ.

ಇಲ್ಲಿ ಇನ್ನೊಂದು ಸಂಗತಿ ತಿಳಿಯಿತು. ನೈರೋಬಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿ. ತಂಪು, ಒಣ ಗಾಳಿ. ಲಾಗೋಸ್ ಕಡಲ ಬದಿಯಲ್ಲಿದೆ, ಗಾಳಿಯನ್ನೇ ಹಿಂಡಬಹುದು. ಅಲ್ಲಿ ಈ ಹಿಟ್ಟು ಒಣಗಿಸಲು, ಜಿಲೆಟಿನ್ ಕ್ಯಾಪ್ಸೂಲು ಮೆತ್ತಗಾಗದಂತೆ ನೋಡಿಕೊಳ್ಳಲು ತೇವ ಹೀರುವ ಯಂತ್ರಗಳು ಹಗಲೂ ರಾತ್ರಿ ಓಡಬೇಕು. ಅವಕ್ಕೆ ವಿದ್ಯುತ್ ಬೇಕು. ಅಲ್ಲಿನ ವಿದ್ಯುತ್ ಜಾಲವನ್ನು ನಂಬಿ ಯಾರೂ ಕಾರ್ಖಾನೆ ನಡೆಸಲಾರರು, ಡೀಸೆಲ್ ಸುಡಬೇಕು. ಕೆನ್ಯಾಕ್ಕೆ ರಿಫ್ಟ್ ಕಣಿವೆಯ ಓಲ್ಕಾರಿಯಾದ ನೆಲದಡಿಯ ಬಿಸಿ ಉಗಿ ವಿದ್ಯುತ್ತಿನ ದೊಡ್ಡ ಪಾಲು ಕೊಡುತ್ತದೆ. ಬಿಲ್ಲು ಇಲ್ಲಿಯೂ ದುಬಾರಿಯೇ, ಆದರೆ ದೀಪ ಉರಿಯುತ್ತದೆ. ನನ್ನ ಕೋಷ್ಟಕದಲ್ಲಿ ಹವೆಗೆ ಖಾನೆ ಇರಲಿಲ್ಲ. ದುಡ್ಡಿನ ಬೆಲೆಗೂ ಇರಲಿಲ್ಲ.

2023ರ ಜೂನ್‌ನಲ್ಲಿ ನೈಜೀರಿಯಾ ತನ್ನ ನಾಯ್ರಾವನ್ನು ಮಾರುಕಟ್ಟೆಯ ಪಾಲಿಗೆ ಬಿಟ್ಟುಕೊಟ್ಟಿತು. ಡಾಲರಿಗೆ 460ರ ಆಸುಪಾಸಿನಲ್ಲಿದ್ದದ್ದು ಮುಂದಿನ ವರ್ಷ 1,500 ದಾಟಿತು. ಡ್ರಮ್ಮಿಗೆ ಡಾಲರಿನಲ್ಲಿ ಕಾಸು ಕಟ್ಟುವವರ ಗತಿ ಏನಾಗಬೇಕು? 2023ರ ಆಗಸ್ಟ್‌ನಲ್ಲಿ, ಐದು ದಶಕದಿಂದ ಅಲ್ಲಿದ್ದ ಒಂದು ದೊಡ್ಡ ಬ್ರಿಟಿಷ್ ಔಷಧ ಕಂಪನಿ ಗಂಟುಮೂಟೆ ಕಟ್ಟುವುದಾಗಿ ಹೇಳಿತು. ನೈರೋಬಿಯವರು ನಾಯ್ರಾ ಎಂದು ಚುಚ್ಚಿದ್ದು ಇದನ್ನೇ.

ಮಾತ್ರೆ ಒತ್ತುವ ಕೋಣೆಗಳು ಒಂದು ಓಣಿಯ ಎರಡೂ ಬದಿಗೆ ಇವೆ. ಒಳಗೆ ಹೋಗಲು ಬಿಡಲಿಲ್ಲ, ಗಾಜಿನಿಂದ ನೋಡಿದೆ. ದುಂಡನೆಯ ಯಂತ್ರ ತಿರುಗುತ್ತದೆ, ಮೇಲಿನಿಂದ ಒಂದು ಕೆಳಗಿನಿಂದ ಒಂದು ಉಕ್ಕಿನ ಅಚ್ಚು ಬಂದು ಪುಡಿಯನ್ನು ಒತ್ತುತ್ತದೆ, ಒಂದು ಇಳಿಜಾರಿನಲ್ಲಿ ಬಿಳಿ ಮಾತ್ರೆಗಳು ಮಂಡಕ್ಕಿಯಂತೆ ಉದುರುತ್ತವೆ. ಗಂಟೆಗೆ ಲಕ್ಷದ ಮೇಲೆ. ನನಗೆ ಆಗಲೇ ಸಣ್ಣಗೆ ತಲೆನೋವು ಶುರುವಾಗಿತ್ತು. ಒಂದು ಕೊಡಿಸಿ ಅಂದೆ. “ಇಲ್ಲಿಂದ ಒಂದೂ ಕೊಡಾಕ ಬರಂಗಿಲ್ಲರೀ, ಬ್ಯಾಚಿನ ಲೆಕ್ಕ ತಪ್ಪತದ” ಎಂದು ನಕ್ಕರು. ಕೆರೆಯ ನೀರಿನಲ್ಲಿ ಕುಳಿತೇ ಬಾಯಾರಿದವನ ಪಾಡು ನನ್ನದಾಯಿತು.

ಆದರೆ ಓಣಿಯ ಆ ಬದಿಯ ಎರಡು ಕೋಣೆಗಳಲ್ಲಿ ಯಂತ್ರಗಳಿಗೆ ಪ್ಲಾಸ್ಟಿಕ್ ಹೊದಿಸಿತ್ತು. ಕೆಟ್ಟಿವೆಯೇ ಎಂದೆ. ಇಲ್ಲ, ಕೆಲಸವಿಲ್ಲ. ಒಂದು ಪಾಳಿಯಲ್ಲಿ ಮಾಡಿದ್ದೇ ಸಾಕಾಗುವಷ್ಟು ಬೇಡಿಕೆ. ಇಡೀ ನಡಿಗೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪ್ಲಾಸ್ಟಿಕ್ ಹೊದಿಕೆ. ಇದರ ದೊಡ್ಡಣ್ಣನಂಥ ಹೊದಿಕೆಯೊಂದು ದಕ್ಷಿಣ ಆಫ್ರಿಕಾದ ಗೆಬೆಹಾದಲ್ಲಿ, ಹಿಂದೆ ಪೋರ್ಟ್ ಎಲಿಜಬೆತ್ ಎನ್ನುತ್ತಿದ್ದ ಊರಿನಲ್ಲಿ ಬಿದ್ದಿತ್ತು. ಕೋವಿಡ್ ಕಾಲದಲ್ಲಿ ಅಲ್ಲಿನ ಕಾರ್ಖಾನೆ ಒಂದು ಅಮೆರಿಕನ್ ಲಸಿಕೆಯನ್ನು ಸೀಸೆಗೆ ತುಂಬುವ ಸಾಲು ಹಾಕಿತು. ಆಫ್ರಿಕಾಕ್ಕೆ ಆಫ್ರಿಕಾದ್ದೇ ಲಸಿಕೆ ಎಂದು ತನ್ನ ಹೆಸರಿನಲ್ಲೇ ಮಾರುವ ಹಕ್ಕನ್ನೂ ಪಡೆಯಿತು. 2022ರಲ್ಲಿ ಅದಕ್ಕೆ ಒಂದೇ ಒಂದು ಆರ್ಡರ್ ಬರಲಿಲ್ಲ. ಖಂಡದಲ್ಲೇ ಹೆಚ್ಚು ನುರಿತ ಕೈಗಳು, ಹೊಚ್ಚ ಹೊಸ ಯಂತ್ರ, ಸುತ್ತ 50ಕ್ಕೂ ಹೆಚ್ಚು ದೇಶ, ಕೊಳ್ಳುವವರು ಇಲ್ಲ.

ಈಜಿಪ್ಟಿನ ಹೆಸರೆತ್ತಿದಾಗ ಇಬ್ಬರಿಗೂ ಏಕೆ ಸಿಟ್ಟು ಬಂತು ಎಂಬುದು ನನಗೆ ಹೊಳೆದದ್ದು ಈ ಗಾಜಿನ ಮುಂದೆ ನಿಂತಾಗ. ಅಲ್ಲಿ ಕೊಳ್ಳುವವರು ಇದ್ದಾರೆ. ಹತ್ತು ಕೋಟಿ ದಾಟಿದ ಜನ, ಅವರು ನುಂಗುವ ಮಾತ್ರೆಗಳಲ್ಲಿ ಬಹುಪಾಲು ಅಲ್ಲೇ ಒತ್ತಿದ್ದು. ಹೆಪಟೈಟಿಸ್ ಸಿ ಕತೆಯನ್ನೇ ನೋಡಿ. ಸೊಫೊಸ್‌ಬುವಿರ್ ಮಾತ್ರೆ ಅಮೆರಿಕದಲ್ಲಿ ಬಿಡುಗಡೆಯಾದಾಗ ಒಂದಕ್ಕೆ 1,000 ಡಾಲರ್, ಹನ್ನೆರಡು ವಾರದ ಚಿಕಿತ್ಸೆಗೆ 84,000. ಈಜಿಪ್ಟಿನಲ್ಲಿ ಆ ಔಷಧಕ್ಕೆ ಪೇಟೆಂಟ್ ಸಿಗಲಿಲ್ಲ. ಸ್ಥಳೀಯ ಕಾರ್ಖಾನೆಗಳು ನುಗ್ಗಿದವು, ಇಡೀ ಚಿಕಿತ್ಸೆಯ ಬೆಲೆ 100 ಡಾಲರಿಗಿಂತ ಕೆಳಗಿಳಿಯಿತು. 2018ರ ಅಕ್ಟೋಬರ್‌ನಿಂದ ಏಳೇ ತಿಂಗಳಲ್ಲಿ ಸರ್ಕಾರ ಸುಮಾರು 5 ಕೋಟಿ ಜನರ ರಕ್ತ ಪರೀಕ್ಷೆ ಮಾಡಿಸಿ, ಸೋಂಕು ಇದ್ದವರಿಗೆ ಪುಕ್ಕಟೆ ಮಾತ್ರೆ ಕೊಟ್ಟಿತು. ಕಾರ್ಖಾನೆಗೆ ಇದಕ್ಕಿಂತ ದೊಡ್ಡ ಗಿರಾಕಿ ಯಾರು?

ಆದರೆ ಬೆಲೆ ಕಟ್ಟುವವನೂ ಅದೇ ಗಿರಾಕಿ. ಈಜಿಪ್ಟಿನಲ್ಲಿ ಔಷಧದ ಬೆಲೆ ಸರ್ಕಾರ ಹೇಳಿದಷ್ಟು. 2016ರ ನವೆಂಬರ್‌ನಲ್ಲಿ, ಮತ್ತೆ 2024ರ ಮಾರ್ಚ್‌ನಲ್ಲಿ ಪೌಂಡು ಮುಗ್ಗರಿಸಿದಾಗ ಡ್ರಮ್ಮಿನ ಬೆಲೆ ಏರಿತು, ಮಾತ್ರೆಯ ಬೆಲೆ ಅಲ್ಲೇ ಉಳಿಯಿತು. ಕಾರ್ಖಾನೆಗಳು ಕೈ ಕಟ್ಟಿಕೊಂಡವು, ಅಂಗಡಿಗಳಲ್ಲಿ ಔಷಧಿ ಮಾಯ. ಗಟ್ಟಿಮುಟ್ಟಾದ ದೊಡ್ಡಣ್ಣನೂ ಡಾಲರಿನ ಮುಂದೆ ನೈಜೀರಿಯಾದಂತೆಯೇ.

ಪರೀಕ್ಷಾಲಯ ಮೊದಲ ಮಹಡಿಯಲ್ಲಿದೆ. ಅಲ್ಲಿ ಆರು ಗಾಜಿನ ಪಾತ್ರೆಗಳಲ್ಲಿ 37 ಡಿಗ್ರಿಯ ದ್ರವ. ಒಂದೊಂದರಲ್ಲೂ ಒಂದೊಂದು ಮಾತ್ರೆ, ಮೇಲಿನಿಂದ ಸಣ್ಣ ಹುಟ್ಟು ನಿಧಾನವಾಗಿ ತಿರುಗುತ್ತದೆ. ಆರು ಕೃತಕ ಹೊಟ್ಟೆಗಳು. ಎಷ್ಟು ನಿಮಿಷದಲ್ಲಿ ಎಷ್ಟು ಔಷಧ ಕರಗಿತು ಎಂದು ಒಬ್ಬ ತರುಣಿ ಬರೆದುಕೊಳ್ಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಬೀರುವಿನಂಥ ಪೆಟ್ಟಿಗೆಗಳು. 30 ಡಿಗ್ರಿ ಬಿಸಿ, ಶೇ 75 ತೇವದಲ್ಲಿ ಮಾತ್ರೆಗಳು ವರ್ಷಗಟ್ಟಲೆ ಕೂತು ಬೆವರುತ್ತವೆ. ತಂಪಿನ ನೈರೋಬಿಯಲ್ಲಿ ಒತ್ತಿದ ಮಾತ್ರೆ ದಕ್ಷಿಣ ಸುಡಾನಿನ ಬಿಸಿಲಿನ ಜುಬಾದಲ್ಲಿ ಕೆಡಬಾರದಲ್ಲ.

ನಾನು ಇಲ್ಲಿ ಒಂದು ಪೆದ್ದು ಪ್ರಶ್ನೆ ಕೇಳಿದೆ. ನಿಮ್ಮ ಮಾತ್ರೆ ಚೆನ್ನಾಗಿದೆ ಎಂದು ಹೇಳುವವರು ಯಾರು? ತರುಣಿ ಬೆರಳು ಮಡಿಚಿ ಎಣಿಸಿದಳು. ಮೊದಲು ನಾವು, ಆಮೇಲೆ ದೇಶದ ಔಷಧ ನಿಯಂತ್ರಕರು, ಆಮೇಲೆ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆ. ಮೂರನೆಯದು ಸಿಗುವುದು ಕಷ್ಟ, ಕಟ್ಟಡಕ್ಕೂ ಕಾಗದಕ್ಕೂ ಅಪಾರ ಖರ್ಚು. ಸಿಕ್ಕರೆ ಮಾತ್ರ ದಾನಿಗಳ ದುಡ್ಡಿನ ದೊಡ್ಡ ಖರೀದಿಗೆ ಪ್ರವೇಶ. ನೈರೋಬಿಯ ಹತ್ತಿರದ ಕಿಕುಯು ಪಟ್ಟಣದ ಒಂದು ಕಾರ್ಖಾನೆಗೆ 2022ರಲ್ಲಿ, ಗರ್ಭಿಣಿಯರಿಗೆ ಮಲೇರಿಯಾ ಬಾರದಂತೆ ಕೊಡುವ ಮಾತ್ರೆಗೆ ಅದು ಸಿಕ್ಕಿತು. ಆ ಕಾರ್ಖಾನೆಯ ಶೇ 51 ಪಾಲನ್ನು 2016ರಲ್ಲಿ ಕೊಂಡದ್ದು ಬೆಂಗಳೂರಿನ ಕಂಪನಿ ಎಂದು ಬೀದರಿನವರು ಸ್ವಲ್ಪ ಗತ್ತಿನಿಂದಲೇ ಸೇರಿಸಿದರು.

ಎರಡನೆಯ ಬೆರಳಿನ ವಿಷಯ ನನ್ನ ಕೋಷ್ಟಕವನ್ನೇ ತಲೆಕೆಳಗು ಮಾಡಿತು. ದೇಶದ ಔಷಧ ಕಾವಲು ಎಷ್ಟು ಗಟ್ಟಿ ಎಂದು ಜಿನೀವಾ ನಾಲ್ಕು ಮೆಟ್ಟಿಲುಗಳಲ್ಲಿ ಅಳೆಯುತ್ತದೆ. ಆಫ್ರಿಕಾದಲ್ಲಿ ಮೂರನೆಯ ಮೆಟ್ಟಿಲನ್ನು ಮೊದಲು ಹತ್ತಿದ್ದು ಟಾಂಜಾನಿಯಾ, 2018ರಲ್ಲಿ. ಆಮೇಲೆ ಘಾನಾ, 2020ರಲ್ಲಿ. ನೈಜೀರಿಯಾ, ಈಜಿಪ್ಟ್, ದಕ್ಷಿಣ ಆಫ್ರಿಕಾಗಳ ಸರದಿ ಬಂದದ್ದು 2022ರಲ್ಲಿ. ನನ್ನ ಪಟ್ಟಿಯಲ್ಲಿ ಟಾಂಜಾನಿಯಾದ ಹೆಸರೇ ಇರಲಿಲ್ಲ.

ಕಾವಲಿನ ಮಾತು ಬಂದಾಗ ಎಲ್ಲರ ದನಿಯೂ ತಗ್ಗಿತು. ನೈಜೀರಿಯಾದಲ್ಲಿ 2008–09ರಲ್ಲಿ ಹಲ್ಲು ಬರುವ ಮಕ್ಕಳಿಗೆ ಕುಡಿಸುವ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಸೇರಿ 84 ಮಕ್ಕಳು ಸತ್ತರು. ಮುಂದೆ 2010ರಿಂದ ಅಲ್ಲಿ ಪೆಟ್ಟಿಗೆಯ ಮೇಲಿನ ಪಟ್ಟಿ ಕೆರೆದು, ಅದರಲ್ಲಿರುವ ಅಂಕಿಯನ್ನು ಮೊಬೈಲಿನಿಂದ ಕಳಿಸಿ ಔಷಧಿ ಅಸಲಿಯೇ ಎಂದು ಕೇಳುವ ವ್ಯವಸ್ಥೆ ಬಂತು. ಗ್ಯಾಂಬಿಯಾದಲ್ಲಿ 2022ರಲ್ಲಿ ಸುಮಾರು 70 ಮಕ್ಕಳು ಸತ್ತಾಗ ಬೆರಳು ತಿರುಗಿದ್ದು ಭಾರತದಲ್ಲಿ ತಯಾರಾದ ಸಿರಪ್‌ಗಳ ಕಡೆಗೆ. ಭಾರತ ಒಪ್ಪಲಿಲ್ಲ. ತರುಣಿ ನನ್ನ ಮುಖ ನೋಡಿದಳು. ನಾನು ಗಾಜಿನ ಹೊಟ್ಟೆಗಳನ್ನು ನೋಡಿದೆ.

ಪ್ಯಾಕಿಂಗ್ ವಿಭಾಗದಲ್ಲಿ ಗದ್ದಲವೂ ಇತ್ತು, ನಗುವೂ ಇತ್ತು. ಮೂವತ್ತು ನಲವತ್ತು ಹೆಂಗಸರು, ನಾನು ಎಣಿಸಿದ್ದು ತಪ್ಪಿರಬಹುದು, ಸ್ಟ್ರಿಪ್ಪುಗಳನ್ನು ಪೆಟ್ಟಿಗೆಗೆ ತುಂಬುತ್ತಾ ಹಾಡಿನಂತೆ ಏನೋ ಮಾತಾಡಿಕೊಳ್ಳುತ್ತಿದ್ದರು. ಆದರೆ ನೋಡಬೇಕಾದದ್ದು ಅದರ ಪಕ್ಕದ ಜಾಲರಿ ಕೋಣೆ. ಅಲ್ಲಿ ಅಚ್ಚಾದ ಖಾಲಿ ಪೆಟ್ಟಿಗೆಗಳನ್ನು ಬೀಗ ಹಾಕಿ ಇಟ್ಟಿದ್ದರು, ಬೆಳ್ಳಿ ಸಾಮಾನಿನ ಹಾಗೆ. ಒಂದೇ ಪ್ಯಾರಾಸಿಟಮಾಲ್‌ಗೆ ಎಷ್ಟೊಂದು ಪೆಟ್ಟಿಗೆ! ಕೆನ್ಯಾದ್ದು, ಉಗಾಂಡಾದ್ದು, ರುವಾಂಡಾದ್ದು, ಜಾಂಬಿಯಾದ್ದು, ಫ್ರೆಂಚಿನಲ್ಲಿ ಬರೆದ ಕಾಂಗೋದ್ದು. ಪ್ರತಿಯೊಂದರ ಮೇಲೂ ಆ ದೇಶದ ನೋಂದಣಿ ಸಂಖ್ಯೆ. ಮಾತ್ರೆ ಒಂದೇ, ಪ್ರತಿ ದೇಶಕ್ಕೂ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ತಪಾಸಣೆ. ಮೊರಾಕ್ಕೊದವರು ಫ್ರೆಂಚ್ ಮಾತಾಡುವ ಪಶ್ಚಿಮ ಆಫ್ರಿಕಾಕ್ಕೆ ಸಲೀಸಾಗಿ ಮಾರುತ್ತಾರೆ, ನಮಗೆ ಅಲ್ಲಿ ಬಾಯಿಯೇ ಇಲ್ಲ ಎಂದರು ಬೀದರಿನವರು.

ಇದನ್ನು ಒಂದು ಮಾಡುವ ಪ್ರಯತ್ನ ನಡೆದೇ ಇದೆ. ಪೂರ್ವ ಆಫ್ರಿಕಾದ ದೇಶಗಳು 2012ರಲ್ಲಿ ಅರ್ಜಿಗಳನ್ನು ಒಟ್ಟಿಗೆ ಕೂತು ನೋಡಲು ಶುರುಮಾಡಿದವು. ಇಡೀ ಖಂಡಕ್ಕೊಂದು ಔಷಧ ನಿಯಂತ್ರಣ ವ್ಯವಸ್ಥೆಯ ಒಪ್ಪಂದ 2021ರ ನವೆಂಬರ್‌ನಲ್ಲಿ ಜಾರಿಗೆ ಬಂತು, ಅದರ ನೆಲೆ ರುವಾಂಡಾದ ಕಿಗಾಲಿ. ಅದೇ ವರ್ಷದ ಜನವರಿಯಿಂದ ಖಂಡದೊಳಗಿನ ಮುಕ್ತ ವ್ಯಾಪಾರವೂ ಕಾಗದದ ಮೇಲೆ ಆರಂಭ. ಜಾಲರಿ ಕೋಣೆಯ ಪೆಟ್ಟಿಗೆಗಳು ಮಾತ್ರ ಕಡಿಮೆಯಾಗಿರಲಿಲ್ಲ.

ಕೊನೆಗೆ ಹಿಂಬಾಗಿಲು, ಸರಕು ಹೊರಡುವ ಕಟ್ಟೆ. ಇಷ್ಟು ಹೊತ್ತು ನೋಡಿದ ಕ್ರಮವನ್ನೇ ತಿರುಗಿಸಿ, ಇಲ್ಲಿಂದಲೇ ನಡಿಗೆ ಶುರುಮಾಡಬೇಕಿತ್ತು ಅನ್ನಿಸಿತು. ದೇಶಗಳ ಶಕ್ತಿ ಅಳೆಯುವವರು ಎಷ್ಟು ಚಿಮಣಿ ಎಂದು ಎಣಿಸುತ್ತಾರೆ, ನಾನೂ ಅದನ್ನೇ ಮಾಡಹೊರಟಿದ್ದೆ. ಈ ಕಟ್ಟೆಯ ಮೇಲಿನ ಪೆಟ್ಟಿಗೆಗಳ ವಿಳಾಸ ಓದಿದರೆ ಸಾಕಿತ್ತು. ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಚಿಕಿತ್ಸೆಯಲ್ಲಿರುವವರು 50 ಲಕ್ಷಕ್ಕೂ ಹೆಚ್ಚು. ಅವರಿಗಾಗಿ ಸರ್ಕಾರ ಕರೆಯುವ ಟೆಂಡರಿನಲ್ಲಿ ಸ್ಥಳೀಯ ಕಾರ್ಖಾನೆಗಳೂ ಭಾರತದವರೂ ಪೈಸೆ ಪೈಸೆಗೆ ಕಾದಾಡುತ್ತಾರೆ. ಮೊಜಾಂಬಿಕ್‌ನ ಮಟೋಲಾದಲ್ಲಿ ಬ್ರೆಜಿಲಿನ ನೆರವಿನಿಂದ ಎಚ್‌ಐವಿ ಔಷಧದ ಕಾರ್ಖಾನೆ ಎಂದು 2003ರಲ್ಲಿ ಮಾತು ಹೊರಟಿತು. ಉದ್ಘಾಟನೆ ಆದದ್ದು 2012ರಲ್ಲಿ. ಅದೇ ಮೊಜಾಂಬಿಕ್‌ಗೆ 2025ರಲ್ಲಿ ದಾನಿಗಳ ದುಡ್ಡಿನಲ್ಲಿ ಎಚ್‌ಐವಿಯ ಮೂರು ಔಷಧ ಸೇರಿದ ಮಾತ್ರೆ ಹೋಯಿತು, ಕೆನ್ಯಾದಲ್ಲಿ ಒತ್ತಿದ್ದು. ಒಂದು ಆರ್ಡರು. ಬೀದರಿನವರು ಅದು ತಮ್ಮ ಕಾರ್ಖಾನೆಯದಲ್ಲ ಎಂದು ಎರಡು ಸಲ ಹೇಳಿದರು, ಆದರೂ ಹೇಳುವಾಗ ಕಣ್ಣಲ್ಲಿ ಬೆಳಕಿತ್ತು.

ಕಟ್ಟೆಗೆ ಹಿಮ್ಮುಖವಾಗಿ ಒಂದು ಲಾರಿ ನಿಂತಿತ್ತು. ಮಲಾಬಾ ಗಡಿ ದಾಟಿ ಉಗಾಂಡಾಕ್ಕೆ, ಅಲ್ಲಿಂದ ಮುಂದೆ ಜುಬಾಕ್ಕೆ. ಉಗಾಂಡಾದ ಪೆಟ್ಟಿಗೆಗಳು ಏರಿದ್ದವು. ಜುಬಾದವು ಕಟ್ಟೆಯ ಮೇಲೇ ಇದ್ದವು, ಒಂದು ಕಾಗದ ಬರಬೇಕಿತ್ತು. ಎಂದು ಬರುತ್ತದೆ ಎಂದೆ. ಗುಮಾಸ್ತ ಫೋನಿನ ಮೇಲೆ ಕೈ ಮುಚ್ಚಿ, ಮಧ್ಯಾಹ್ನದೊಳಗೆ ಎಂದ. ಆಗಲೇ ಎರಡು ಗಂಟೆ. ಲಾರಿಯ ಹುಡುಗ ಪೆಟ್ಟಿಗೆಗಳ ಮೇಲೆ ಕುಳಿತು ಮಂದಾಜಿ ತಿನ್ನುತ್ತಿದ್ದ. ಮೋಡ ಕವಿದಿದ್ದನ್ನು ನೋಡಿ ಎದ್ದ, ಟಾರ್ಪಾಲು ಎಳೆಯಲೋ ಬೇಡವೋ ಎಂದು ಗುಮಾಸ್ತನ ಕಡೆ ನೋಡಿದ. ಗುಮಾಸ್ತ ಇನ್ನೂ ಫೋನಿನಲ್ಲೇ ಇದ್ದ. ಹುಡುಗ ಮತ್ತೆ ಕೂತ.